ಬ್ಯಾಂಕ್ ಬಿಟ್‌ಕಾಯಿನ್ ಕೊಂಡಿತಂತೆ, ನಿಜಾನಾ? ನೀವೇ ನೋಡುವುದು ಹೀಗೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮೂರು ತಿಂಗಳಿಗೊಮ್ಮೆ ಭಾವನ ಸಂದೇಶ ತಪ್ಪದೆ ಬರುತ್ತದೆ: ‘ಅಮೆರಿಕದ ಇಂಥ ಬ್ಯಾಂಕ್ ಬಿಟ್‌ಕಾಯಿನ್‌ಗೆ ದುಡ್ಡು ಸುರಿದಿದೆ, ನಾವ್ಯಾಕೆ ಹಾಕಬಾರದು?’ ಮೂಲ ಕಾಗದವನ್ನು ಭಾವ ಯಾವತ್ತೂ ತೆರೆದು ನೋಡಿಲ್ಲ. ನೋಡೋದು ಪುಕ್ಕಟೆ.

10 ಕೋಟಿ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಮೌಲ್ಯದ ಷೇರು ನಿಭಾಯಿಸುವ ಅಲ್ಲಿನ ಸಂಸ್ಥೆಗಳು ತಮ್ಮಲ್ಲಿ ಏನೇನಿದೆ ಎಂದು ತಿಳಿಸುವ ‘13ಎಫ್’ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಷೇರುಪೇಟೆ ನಿಯಂತ್ರಕ ಎಸ್ಇಸಿಯ ‘ಎಡ್ಗರ್’ ತಾಣಕ್ಕೆ ಹೋಗಿ. ಸಂಸ್ಥೆಯ ಹೆಸರು ಹಾಕಿ, ಹೊಸ 13ಎಫ್ ತೆರೆಯಿರಿ. ಒಳಗಿನ ಪಟ್ಟಿಯಲ್ಲಿ ಬಿಟ್‌ಕಾಯಿನ್ ಪದ ಹುಡುಕಿ. ಮೊಬೈಲಿನಲ್ಲಿ ಬೇಡ, ಕಣ್ಣು ಹೋಗುತ್ತದೆ. ಇದನ್ನೇ ದುಡ್ಡಿಗೆ ಮಾರುವ ಟೆಲಿಗ್ರಾಂ ಚಾನೆಲ್‌ಗಳಿಗೆ ನಯಾಪೈಸೆ ಕೊಡಬೇಡಿ.

ಅಲ್ಲಿ ಸಿಗೋದು ನಾಣ್ಯವಲ್ಲ, ಇಟಿಎಫ್. ಅಂದರೆ ಬಿಟ್‌ಕಾಯಿನ್ ಕೊಂಡಿಟ್ಟುಕೊಂಡು, ಷೇರುಪೇಟೆಯಲ್ಲಿ ಷೇರಿನ ಹಾಗೆ ಮಾರಾಟವಾಗುವ ಫಂಡ್. 2024ರ ಜನವರಿ 10ರಂದು ಎಸ್ಇಸಿ ಒಪ್ಪಿದ ಮೇಲೆ ಬ್ಲ್ಯಾಕ್‌ರಾಕ್, ಫಿಡೆಲಿಟಿಯಂಥ ಹೂಡಿಕೆ ಕಂಪನಿಗಳು ಶುರುಮಾಡಿದ ಫಂಡ್‌ಗಳು ಇವು.

ಎಲ್ಲರೂ ಎಡವೋದು ಮುಂದಿನ ಹಂತದಲ್ಲಿ. ಒಂದೇ ಫಂಡ್ ನಾಲ್ಕೈದು ಸಾಲಿನಲ್ಲಿ ಇರಬಹುದು. ಸುಮ್ನೆ ಕೂಡಿಸಿಬಿಡಬೇಡಿ. ‘ಪುಟ್/ಕಾಲ್’ ಅನ್ನೋ ಕಾಲಂ ನೋಡಿ. ಖಾಲಿ ಇದ್ದರೆ ಅದು ನಿಜವಾದ ಷೇರು. ‘ಕಾಲ್’ ಎಂದಿದ್ದರೆ ಬೆಲೆ ಏರಿದರೆ ಲಾಭ ಕೊಡುವ ಆಪ್ಷನ್, ಅಂದರೆ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು. ‘ಪುಟ್’ ಎಂದಿದ್ದರೆ ಹಾಗೇ ಮಾರುವ ಹಕ್ಕು, ಬೆಲೆ ಬಿದ್ದರೆ ಲಾಭ. ಆಪ್ಷನ್ ಕೊಳ್ಳಲು ಕೊಟ್ಟ ದುಡ್ಡು (ಪ್ರೀಮಿಯಂ) ಅಲ್ಲಿ ಕಾಣೋದಿಲ್ಲ, ಅದರ ಹಿಂದಿರುವ ಷೇರುಗಳ ಪೂರ್ತಿ ಬೆಲೆ ಬರೆದಿರುತ್ತಾರೆ. ಬಿದ್ದೀತು ಎಂದು ಕಟ್ಟಿದ ಬಾಜಿಯನ್ನೂ ‘ಕೊಂಡರು’ ಲೆಕ್ಕಕ್ಕೆ ಸೇರಿಸಿದರೆ ಹೇಗೆ? ಬೇರೆಯವರಿಗೆ ಮಾರಿಟ್ಟ ಆಪ್ಷನ್, ಶಾರ್ಟ್ ವ್ಯವಹಾರ (ಸಾಲ ತಂದ ಷೇರು ಮಾರುವುದು) ಈ ಪಟ್ಟಿಗೆ ಬರೋದೇ ಇಲ್ಲ. ಇನ್ನೊಂದು, 2023ಕ್ಕೆ ಮುಂಚಿನ ಪಟ್ಟಿಗಳಲ್ಲಿ ಮೌಲ್ಯ ಸಾವಿರ ಡಾಲರ್ ಲೆಕ್ಕದಲ್ಲಿದೆ. ಈಗ ನೇರ ಡಾಲರ್. ಹಳೆಯದರ ಪಕ್ಕ ಹೊಸದನ್ನಿಟ್ಟು ಸಾವಿರ ಪಟ್ಟು ಏರಿಕೆ ಕಂಡುಹಿಡಿದವರನ್ನು ನಾನೇ ನೋಡಿದ್ದೇನೆ.

ಆಮೇಲೆ, ದುಡ್ಡು ಯಾರದ್ದು? ಗ್ರಾಹಕರ ಪರವಾಗಿ ಇಟ್ಟಿದ್ದೂ ಬ್ಯಾಂಕಿನ ಹೆಸರಲ್ಲೇ ಕಾಣುತ್ತದೆ. ಮೊತ್ತವನ್ನೂ ನೋಡಿ. 2024ರ ಮೇ ತಿಂಗಳಲ್ಲಿ ಜೆಪಿ ಮಾರ್ಗನ್ ಬ್ಯಾಂಕ್ ಈ ಫಂಡ್‌ಗಳಲ್ಲಿ ತೋರಿಸಿದ್ದು 10 ಲಕ್ಷ ಡಾಲರ್‌ಗೂ ಕಡಿಮೆ. ಅಷ್ಟು ದೊಡ್ಡ ಬ್ಯಾಂಕಿಗೆ ಅದು ಟೀ ಖರ್ಚು, ಅಲ್ವಾ?

ಕೊನೆಗೆ ತಾರೀಖು. ತ್ರೈಮಾಸಿಕ ಮುಗಿದ ಮೇಲೆ ಪಟ್ಟಿ ಕೊಡಲು 45 ದಿನ ಇರುತ್ತದೆ. ನೀವು ಓದುವ ಹೊತ್ತಿಗೆ ಮಾರಿಯೂ ಆಗಿರಬಹುದು. ವಿಸ್ಕಾನ್ಸಿನ್ ರಾಜ್ಯದ ಪಿಂಚಣಿ ಹಣ ನೋಡಿಕೊಳ್ಳುವ ಮಂಡಳಿ ಬ್ಲ್ಯಾಕ್‌ರಾಕ್ ಫಂಡಿನಲ್ಲಿ ಸುಮಾರು 10 ಕೋಟಿ ಡಾಲರ್ ಹಾಕಿದ್ದು 2024ರ ಮೇನಲ್ಲಿ ದೊಡ್ಡ ಸುದ್ದಿ. ಮರುವರ್ಷದ ಮೇ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ. ಅದನ್ನು ಭಾವ ಗುಂಪಿಗೆ ಹಾಕಲಿಲ್ಲ.