ಪ್ಯಾಕೆಟ್ ಮೇಲಿನ ತಾರೀಕು ಅಳಿಸದಿರಲು ಯಾವ ರಿಬ್ಬನ್ ಹಾಕಬೇಕು?

ಮೆಷಿನ್‌ನಿಂದ ಹೊರಬೀಳುವಾಗ ಕಪ್ಪಗೆ, ಸ್ಪಷ್ಟವಾಗಿದ್ದ ತಾರೀಕು ಅಂಗಡಿ ಸೇರುವಷ್ಟರಲ್ಲಿ ಬೆರಳಿಗೆ ಮೆತ್ತಿಕೊಂಡು ಬಂದರೆ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ: ಪ್ರಿಂಟರ್‌ನ ಡಾರ್ಕ್‌ನೆಸ್, ಅಂದರೆ ಅಚ್ಚಿನ ಬಿಸಿ, ಏರಿಸುವುದು. ಅಚ್ಚು ಇನ್ನಷ್ಟು ಕಪ್ಪಾಗುತ್ತದೆ, ಅಳಿಸುವುದು ಮಾತ್ರ ನಿಲ್ಲುವುದಿಲ್ಲ. ಜೊತೆಗೆ ಬಿಸಿಯಾಗಿ ಅಚ್ಚು ಹಾಕುವ ಭಾಗವಾದ ಹೆಡ್‌ನ ಆಯಸ್ಸೂ ಕಡಿಮೆಯಾಗುತ್ತದೆ. ಬಹಳಷ್ಟು ಸಲ ತಪ್ಪು ಇರುವುದು ಮಸಿ ಹಚ್ಚಿದ ಸುರುಳಿಯಾದ ರಿಬ್ಬನ್‌ಗೂ ಪ್ಯಾಕೆಟ್‌ನ ಪ್ಲಾಸ್ಟಿಕ್ ಹಾಳೆಯಾದ ಫಿಲಂಗೂ ಹೊಂದಿಕೆ ಇಲ್ಲದಿರುವುದರಲ್ಲಿ. ಹಾಗಾಗಿ ರೇಟು ಕೇಳುವ ಮೊದಲು ನಿಮ್ಮ ಪ್ಯಾಕೆಟ್ ಯಾವ ಪ್ಲಾಸ್ಟಿಕ್‌ನದು, ಅಚ್ಚಾದ ಮೇಲೆ ಎಣ್ಣೆ, ನೀರು, ಬಿಸಿ, ತಿಕ್ಕಾಟಗಳಲ್ಲಿ ಏನೇನು ತಡೆಯಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮೊದಲು ಮೆಷಿನ್ ಯಾವುದೆಂದು ನೋಡಿ

ಪೀಣ್ಯ, ಬೊಮ್ಮಸಂದ್ರ, ಕುಂಬಳಗೋಡು ಕಡೆಯ ಸಣ್ಣ ಆಹಾರ ಘಟಕಗಳಲ್ಲಿ ತಾರೀಕು ಹಾಕಲು ಸಾಮಾನ್ಯವಾಗಿ ಮೂರು ಬಗೆಯ ಸಲಕರಣೆ ಇರುತ್ತದೆ. ಮೂರಕ್ಕೂ ಬಳಸುವ ಸುರುಳಿಯನ್ನು ಜನ ‘ರಿಬ್ಬನ್’ ಅಂತಲೇ ಕರೆಯುವುದರಿಂದ ಗೊಂದಲ ಶುರುವಾಗುತ್ತದೆ.

ಒಂದು, ಲೋಹದ ಅಚ್ಚುಮೊಳೆ ಜೋಡಿಸಿ ಬಿಸಿ ಮಾಡಿ ಒತ್ತುವ ಕೋಡರ್. ಕವರ್ ಬಾಯಿ ಬಿಸಿಯಿಂದ ಮುಚ್ಚುವ ಬ್ಯಾಂಡ್ ಸೀಲರ್ ಪಕ್ಕದಲ್ಲಿ ಅಥವಾ ಮೇಜಿನ ಮೇಲೆ ಇರುತ್ತದೆ. ಇದರ ರಿಬ್ಬನ್ ಹೆಚ್ಚಾಗಿ 30 ಅಥವಾ 35 ಮಿ.ಮೀ ಅಗಲ, 100 ಮೀಟರ್ ಆಸುಪಾಸು ಉದ್ದ. ಎರಡು, ಬಾಟಲಿ, ಡಬ್ಬಿಗಳ ಲೇಬಲ್ ಮುದ್ರಿಸುವ ಟೇಬಲ್-ಟಾಪ್ ಪ್ರಿಂಟರ್. ಮೂರು, ಪ್ಯಾಕಿಂಗ್ ಮೆಷಿನ್ ಮೇಲೆಯೇ ಕೂರಿಸಿ ಓಡುವ ಫಿಲಂ ಮೇಲೆ ಅಚ್ಚು ಹಾಕುವ ಥರ್ಮಲ್ ಟ್ರಾನ್ಸ್‌ಫರ್ ಓವರ್‌ಪ್ರಿಂಟರ್, ಅಂದರೆ ಟಿಟಿಒ.

ಮೊದಲನೆಯದರ ಹಾಟ್ ಸ್ಟಾಂಪಿಂಗ್ ರಿಬ್ಬನ್ನನ್ನು ಉಳಿದೆರಡಕ್ಕೆ ಹಾಕಲೇಬಾರದು. ಥರ್ಮಲ್ ಪ್ರಿಂಟರ್ ರಿಬ್ಬನ್ನಿನ ಬೆನ್ನಿಗೆ ಹೆಡ್ ಸವೆಯದಂತೆ ಕಾಪಾಡುವ ನುಣುಪಾದ ಲೇಪವಿರುತ್ತದೆ. ಸ್ಟಾಂಪಿಂಗ್ ರಿಬ್ಬನ್ನಿಗೆ ಅದರ ಅಗತ್ಯವಿಲ್ಲ, ಅಲ್ಲಿ ತಾಗುವುದು ಲೋಹದ ಅಚ್ಚುಮೊಳೆ. ಅದು ಹೆಡ್ ಮೇಲೆ ಉಜ್ಜುತ್ತಾ ಹೋದರೆ ರಿಬ್ಬನ್ನಿನಲ್ಲಿ ಉಳಿಸಿದ ದುಡ್ಡು ಹೊಸ ಹೆಡ್‌ಗೆ ಹೋಗುತ್ತದೆ.

ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಸೂಕ್ಷ್ಮ. ಲೇಬಲ್ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಫ್ಲಾಟ್ ಹೆಡ್ ಇರುತ್ತದೆ: ಬಿಸಿಯಾದ ರಿಬ್ಬನ್ ಸ್ವಲ್ಪ ದೂರ ಲೇಬಲ್‌ಗೆ ಅಂಟಿಕೊಂಡೇ ಸಾಗಿ, ಮಸಿ ಆರಿದ ಮೇಲೆ ಬಿಡುತ್ತದೆ. ಟಿಟಿಒಗಳಲ್ಲಿ ಹೆಚ್ಚಿನವು ನಿಯರ್-ಎಡ್ಜ್ ಹೆಡ್: ಬಿಸಿಯಾಗುವ ಚುಕ್ಕೆಗಳು ಅಂಚಿಗೆ ತೀರಾ ಹತ್ತಿರ ಇರುವುದರಿಂದ ಮಸಿ ಇನ್ನೂ ಕರಗಿರುವಾಗಲೇ ರಿಬ್ಬನ್ ಕಿತ್ತು ಬರಬೇಕು. ಫ್ಲಾಟ್ ಹೆಡ್‌ಗೆ ಮಾಡಿದ ರಿಬ್ಬನ್ ಇಲ್ಲಿ ಅರ್ಧ ಮಸಿ ಬಿಟ್ಟು ಅರ್ಧ ಹಿಡಿದುಕೊಳ್ಳುತ್ತದೆ, ಅಕ್ಷರದ ಅಂಚು ಹರಿದಂತೆ ಕಾಣುತ್ತದೆ. ಆರ್ಡರ್ ಕೊಡುವಾಗ ಪ್ರಿಂಟರ್‌ನ ಮಾಡೆಲ್ ನಂಬರ್ ಹೇಳಿ, ‘ನಿಯರ್-ಎಡ್ಜ್ ರಿಬ್ಬನ್ ಬೇಕು’ ಎಂದು ಬರಹದಲ್ಲೇ ಕೊಡಿ. ಮಸಿ ಒಳಮುಖವೋ ಹೊರಮುಖವೋ ಎಂಬುದನ್ನೂ ಸೇರಿಸಿ. ಗೊತ್ತಿಲ್ಲದಿದ್ದರೆ ಹಳೆಯ ರೋಲ್‌ನ ಹೊರಮೈಗೆ ಸೆಲ್ಲೋಟೇಪ್ ಅಂಟಿಸಿ ಕೀಳಿ. ಕಪ್ಪು ಬಂದರೆ ಮಸಿ ಹೊರಗಿದೆ.

ವ್ಯಾಕ್ಸ್, ವ್ಯಾಕ್ಸ್-ರೆಸಿನ್, ರೆಸಿನ್

ರಿಬ್ಬನ್ ಎಂದರೆ ಸುಮಾರು ನಾಲ್ಕೂವರೆ ಮೈಕ್ರಾನ್‌ನ ಪಾಲಿಯೆಸ್ಟರ್ ಹಾಳೆ. ಒಂದು ಮಗ್ಗುಲಿಗೆ ಬೆನ್ನುಲೇಪ, ಇನ್ನೊಂದಕ್ಕೆ ಮಸಿ. ಮಸಿಯಲ್ಲಿ ಮೇಣ (ವ್ಯಾಕ್ಸ್) ಎಷ್ಟು, ರಾಳ (ರೆಸಿನ್) ಎಷ್ಟು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ವ್ಯಾಕ್ಸ್ ಕಡಿಮೆ ಬಿಸಿಗೇ ಕರಗುತ್ತದೆ, ಅಗ್ಗ, ಕಾಗದದ ಲೇಬಲ್‌ಗೆ ಚೆನ್ನಾಗಿ ಹಿಡಿಯುತ್ತದೆ. ಸಾರಿನ ಪುಡಿಯ ರಟ್ಟಿನ ಹೊರಪೆಟ್ಟಿಗೆಗೆ ಅಂಟಿಸುವ ಲೇಬಲ್‌ಗೆ ಇದು ಧಾರಾಳವಾಗಿ ಸಾಕು. ನುಣುಪಾದ ಪ್ಲಾಸ್ಟಿಕ್ ಮೇಲೆ ಉಗುರಿಗೂ ನಿಲ್ಲುವುದಿಲ್ಲ, ಎಣ್ಣೆ ತಾಗಿದರಂತೂ ಮೆತ್ತಗಾಗಿ ಹರಡುತ್ತದೆ.

ವ್ಯಾಕ್ಸ್-ರೆಸಿನ್ ನಡುವಿನ ದಾರಿ. ಪ್ಯಾಕಿಂಗ್ ಫಿಲಂ ಮೇಲಿನ ಹೆಚ್ಚಿನ ಕೆಲಸ ಇದರಲ್ಲೇ ನಡೆದುಹೋಗುತ್ತದೆ: ರಾಗಿ ಹಿಟ್ಟು, ಕಾಫಿ ಪುಡಿ, ಅವಲಕ್ಕಿ, ಬೇಳೆ. ಇಡ್ಲಿ-ದೋಸೆ ಹಿಟ್ಟಿನ ಎಲ್‌ಡಿಪಿಇ (ಮೆತ್ತನೆಯ ಪಾಲಿಥೀನ್) ಕವರ್‌ಗೂ ಕಡಿಮೆ ಬಿಸಿಗೆ ಕರಗುವ ವ್ಯಾಕ್ಸ್-ರೆಸಿನ್ನೇ ಲೇಸು. ಆ ಪ್ಲಾಸ್ಟಿಕ್ಕೇ ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹೆಚ್ಚು ಬಿಸಿ ಬೇಡುವ ಗಟ್ಟಿ ರೆಸಿನ್ ಹಾಕಿದರೆ ಫಿಲಂ ಹಿಗ್ಗಿ ಸುಕ್ಕಾಗುತ್ತದೆ, ಕೆಲವೊಮ್ಮೆ ರಿಬ್ಬನ್ನೇ ಕವರ್‌ಗೆ ಅಂಟಿ ತುಂಡಾಗುತ್ತದೆ.

ರೆಸಿನ್ ದುಬಾರಿ, ಹೆಚ್ಚು ಬಿಸಿ ಕೇಳುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರದ ಘಟಕದಲ್ಲಿ ಗಾಳಿಯಲ್ಲೇ ಎಣ್ಣೆಯ ಜಿಡ್ಡು ಇರುತ್ತದೆ, ಪ್ಯಾಕ್ ಮಾಡುವವರ ಕೈಯಲ್ಲೂ ಇರುತ್ತದೆ, ಒಂದು ಪ್ಯಾಕೆಟ್ ಸೋರಿದರೆ ಪೆಟ್ಟಿಗೆಯ ಉಳಿದವಕ್ಕೂ ಹತ್ತುತ್ತದೆ. ಅಲ್ಲಿ ರೆಸಿನ್ ಅಥವಾ ರೆಸಿನ್ ಪ್ರಮಾಣ ಜಾಸ್ತಿ ಇರುವ ವ್ಯಾಕ್ಸ್-ರೆಸಿನ್ ಬೇಕು. 121 ಡಿಗ್ರಿಯ ಆಸುಪಾಸು ಬೇಯಿಸುವ ರಿಟಾರ್ಟ್ ಪೌಚ್‌ಗೆ, ಅಂದರೆ ಕತ್ತರಿಸಿ ತಿನ್ನುವ ಸಿದ್ಧ ಬಿಸಿಬೇಳೆಬಾತ್‌ನಂಥವಕ್ಕೆ, ರೆಸಿನ್ ಬಿಟ್ಟರೆ ಬೇರೆ ದಾರಿಯಿಲ್ಲ.

ಕಡು ಬಣ್ಣದ ಅಥವಾ ಕನ್ನಡಿಯಂತೆ ಹೊಳೆಯುವ ಪ್ಯಾಕೆಟ್‌ಗೆ ಬಿಳಿ ರಿಬ್ಬನ್ ಹಾಕಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಕಪ್ಪಿಗಿಂತ ಹೆಚ್ಚು ಬಿಸಿ ಬೇಕು, ವೇಗವೂ ತಗ್ಗುತ್ತದೆ. ಪ್ಯಾಕೆಟ್ ವಿನ್ಯಾಸದಲ್ಲೇ ಒಂದು ಬಿಳಿ ಚೌಕ ಬಿಡಿಸಿ ಕಪ್ಪು ಹಾಕುವುದು ಜಾಣತನ.

ಫಿಲಂ ಹೊರಮೈ

ಇಲ್ಲಿ ಎಡವುವವರೇ ಹೆಚ್ಚು. ಹಲವು ಪದರ ಅಂಟಿಸಿದ ಲ್ಯಾಮಿನೇಟ್ ಪ್ಯಾಕೆಟ್‌ನ ಬಣ್ಣದ ಅಚ್ಚು ಹೊರ ಪದರದ ಒಳಮೈಗೆ ಬಿದ್ದಿರುತ್ತದೆ. ಹಾಗಾಗಿ ಹೊರ ಪದರ ಬಿಒಪಿಪಿ (ಪಾಲಿಪ್ರೊಪಿಲೀನ್ ಫಿಲಂ) ಆಗಿದ್ದರೆ, ಮಸಿ ಕಚ್ಚುವಂತೆ ವಿದ್ಯುತ್ತಿನಿಂದ ಮೈ ಹದ ಮಾಡುವ ಕರೋನಾ ಟ್ರೀಟ್‌ಮೆಂಟ್ ಕೂಡ ಹಲವು ಸಲ ಒಳಮೈಗೆ ಮಾತ್ರ ಆಗಿರುತ್ತದೆ. ನೀವು ತಾರೀಕು ಹಾಕುವುದು ಹೊರಮೈಗೆ! ಅಲ್ಲಿ ಯಾವ ಮಸಿಯೂ ಸರಿಯಾಗಿ ಕಚ್ಚುವುದಿಲ್ಲ. ಫಿಲಂ ಆರ್ಡರ್ ಮಾಡುವಾಗಲೇ ಎರಡೂ ಕಡೆ ಟ್ರೀಟ್ ಮಾಡಿದ ಬಿಒಪಿಪಿ ಕೇಳಿ. ಹೊರ ಪದರ ಪೆಟ್ (ಪಾಲಿಯೆಸ್ಟರ್) ಆಗಿದ್ದರೆ ಈ ತಲೆನೋವು ಕಡಿಮೆ.

ಫಿಲಂ ಮೈ ಮಸಿ ಹಿಡಿಯುತ್ತದೆಯೇ ಎಂದು ಪರೀಕ್ಷಿಸಲು 38ರ ಡೈನ್ ಪೆನ್ (ಅಳತೆಯ ದ್ರವ ತುಂಬಿದ ಪೆನ್) ಒಂದು ಇಟ್ಟುಕೊಳ್ಳಿ. ಹೊರಮೈ ಮೇಲೆ ಗೆರೆ ಎಳೆದಾಗ ಎರಡು ಸೆಕೆಂಡ್ ಹಾಗೇ ನಿಂತರೆ ಸರಿ, ಕಮಲದೆಲೆ ಮೇಲಿನ ನೀರಿನಂತೆ ಹನಿಹನಿಯಾದರೆ ಸಾಲದು. ಟ್ರೀಟ್‌ಮೆಂಟ್ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಪಾಲಿಥೀನ್‌ನಲ್ಲಿ ಜಾರಿಕೆಗೆಂದು ಬೆರೆಸಿದ ಸ್ಲಿಪ್ ಪದಾರ್ಥ ಕೂಡ ದಿನ ಕಳೆದಂತೆ ಮೇಲೆದ್ದು ಬರುತ್ತದೆ. ಹೊಸ ರೋಲ್‌ನಲ್ಲಿ ಪಾಸಾದ ರಿಬ್ಬನ್ ಆರು ತಿಂಗಳು ಗೋಡೌನ್‌ನಲ್ಲಿದ್ದ ರೋಲ್‌ನಲ್ಲಿ ಫೇಲಾಗುವುದು ಇದರಿಂದಲೇ.

ತಾರೀಕಿನ ಜಾಗದಲ್ಲಿ ವಾರ್ನಿಷ್, ಲ್ಯಾಕರ್ ಇರದಂತೆ ಫಿಲಂ ಮುದ್ರಿಸುವವರಿಗೆ ಹೇಳಿ. ಪ್ಯಾಕೆಟ್ ಮುಚ್ಚುವ ಬಿಸಿ ದವಡೆ (ಸೀಲಿಂಗ್ ಜಾ) ಒತ್ತುವ ಪಟ್ಟಿಯಿಂದಲೂ ಅಚ್ಚನ್ನು ದೂರ ಇಡಿ. ದವಡೆಯ ಬಿಸಿಗೆ ಮಸಿ ಮತ್ತೆ ಕರಗಿ ದವಡೆಗೇ ಅಂಟುತ್ತದೆ, ಮುಂದಿನ ಪ್ಯಾಕೆಟ್‌ಗೂ ಕಲೆ ಮಾಡುತ್ತದೆ.

ಅಗಲ, ಉದ್ದ, ಲೆಕ್ಕ

ರಿಬ್ಬನ್ ಅಗಲ ಅಚ್ಚಿನ ಅಗಲಕ್ಕಿಂತ ಎರಡೂ ಬದಿಗೆ 2-3 ಮಿ.ಮೀ ಹೆಚ್ಚಿರಲಿ. ಕಡಿಮೆಯಾದರೆ ಹೆಡ್‌ನ ತುದಿ ನೇರವಾಗಿ ಫಿಲಂಗೆ ತಾಗಿ ಸವೆಯುತ್ತದೆ.

ಖರ್ಚಾಗುವುದು ಫಿಲಂ ಓಡುವ ದಿಕ್ಕಿನಲ್ಲಿ ಅಚ್ಚು ಎಷ್ಟು ಉದ್ದವಿದೆಯೋ ಅಷ್ಟು ರಿಬ್ಬನ್. ತಯಾರಿಕೆ ದಿನ, ಎಕ್ಸ್‌ಪೈರಿ, ಬ್ಯಾಚ್ ನಂಬರ್, ಎಂಆರ್‌ಪಿ ಎಂದು ನಾಲ್ಕು ಸಾಲು ಸೇರಿ 12 ಮಿ.ಮೀ ಎತ್ತರ, 28 ಮಿ.ಮೀ ಅಗಲ ಎಂದುಕೊಳ್ಳಿ. ಎರಡು ಅಚ್ಚಿನ ನಡುವೆ ಅರ್ಧ ಮಿ.ಮೀ ಬಿಟ್ಟರೆ ಪ್ಯಾಕೆಟ್‌ಗೆ 12.5 ಮಿ.ಮೀ. 600 ಮೀಟರ್ ರೋಲ್‌ನಲ್ಲಿ 48,000 ಅಚ್ಚು. ನಿಮಿಷಕ್ಕೆ 60 ಪ್ಯಾಕೆಟ್ ಓಡಿಸಿದರೆ 13 ಗಂಟೆ 20 ನಿಮಿಷ. ಅದೇ ಬರಹವನ್ನು ಅಡ್ಡ ತಿರುಗಿಸಿ ಹಾಕಿದರೆ ಪ್ಯಾಕೆಟ್‌ಗೆ 28.5 ಮಿ.ಮೀ ಬೇಕು, ಸಿಗುವುದು 21,000 ಚಿಲ್ಲರೆ. ರೇಟಿಗೆ ಚೌಕಾಸಿ ಮಾಡಿ ಉಳಿಸುವುದಕ್ಕಿಂತ ಹೆಚ್ಚನ್ನು ಅಕ್ಷರ ತಿರುಗಿಸಿಯೇ ಉಳಿಸಬಹುದು. ಕೊಟೇಶನ್ ಹೋಲಿಸುವಾಗಲೂ ರೋಲ್ ಬೆಲೆ ನೋಡಬೇಡಿ, ಬೆಲೆಯನ್ನು ಅಚ್ಚುಗಳ ಸಂಖ್ಯೆಯಿಂದ ಭಾಗಿಸಿ.

ಸಾಲುಗಳನ್ನು ಕಡಿತ ಮಾಡುವ ಮುನ್ನ ಕಾನೂನು ನೋಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದ ಪ್ರಕಾರ ಎಕ್ಸ್‌ಪೈರಿ ಅಥವಾ ಯೂಸ್ ಬೈ ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದು. ಮೂರು ತಿಂಗಳೊಳಗೆ ಕೆಡುವ ಪದಾರ್ಥಕ್ಕೆ ದಿನ, ತಿಂಗಳು, ವರ್ಷ ಮೂರೂ ಬೇಕು. ರಿಬ್ಬನ್ ಪೂರೈಸುವವರಿಂದ ಮಸಿಗೆ ಐಎಸ್ 15495 ಎಂಬ ಭಾರತೀಯ ಮಾನದಂಡದ ಪ್ರಮಾಣಪತ್ರವನ್ನೂ ಕೇಳಿ ಫೈಲ್‌ನಲ್ಲಿಡಿ. 2018ರ ಪ್ಯಾಕೇಜಿಂಗ್ ನಿಯಮ ಆಹಾರದ ಪ್ಯಾಕೆಟ್‌ನ ಮಸಿಗೆ ಹೇಳುವ ಮಾನದಂಡ ಅದೇ.

ಸೆಟ್ಟಿಂಗ್ ಮತ್ತು ಪರೀಕ್ಷೆ

ಹೊಸ ರಿಬ್ಬನ್ ಹಾಕುವ ಮೊದಲು ಪ್ರಿಂಟರ್ ಆಫ್ ಮಾಡಿ, ಹೆಡ್ ತಣ್ಣಗಾದ ಮೇಲೆ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒಂದೇ ದಿಕ್ಕಿಗೆ ಒರೆಸಿ. ಬ್ಲೇಡ್, ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ. ಹಿಂದಿನ ರಿಬ್ಬನ್ನಿನ ಡಾರ್ಕ್‌ನೆಸ್ ಹಾಗೇ ಬಿಡದೆ ತಗ್ಗಿಸಿ ಶುರುಮಾಡಿ, ಐದೈದರಂತೆ ಏರಿಸುತ್ತಾ ಅಕ್ಷರ ತುಂಬಿಕೊಂಡ ಕೂಡಲೇ ನಿಲ್ಲಿಸಿ. ಇದನ್ನು ನಿಜವಾದ ಉತ್ಪಾದನೆಯ ವೇಗದಲ್ಲೇ ಮಾಡಬೇಕು. ನಿಧಾನಕ್ಕೆ ಓಡಿಸಿ ಪಾಸ್ ಮಾಡಿದ ರಿಬ್ಬನ್ ವೇಗ ಏರಿದಾಗ ತೆಳುವಾಗುತ್ತದೆ.

ಆಮೇಲೆ ಇಪ್ಪತ್ತು ಪ್ಯಾಕೆಟ್ ತುಂಬಿ, ಸೀಲ್ ಮಾಡಿ ತೆಗೆದುಕೊಳ್ಳಿ. ಖಾಲಿ ಫಿಲಂ ಮೇಲಿನ ಪರೀಕ್ಷೆಯನ್ನು ನಂಬಬೇಡಿ. ಕೆಲವಕ್ಕೆ ಸೆಲ್ಲೋಟೇಪ್ ಒತ್ತಿ, ಹತ್ತು ಸೆಕೆಂಡ್ ಬಿಟ್ಟು ಸರ್ರನೆ ಕೀಳಿ. ಕೆಲವನ್ನು ಹೆಬ್ಬೆರಳಿನಿಂದ ಇಪ್ಪತ್ತು ಸಲ ಉಜ್ಜಿ. ಖಾರದ ತಿಂಡಿಯಾದರೆ ನೀವು ಕರಿಯುವ ಎಣ್ಣೆಯನ್ನೇ ಒಂದು ತೊಟ್ಟು ಹಾಕಿ ಹತ್ತು ನಿಮಿಷ ಬಿಟ್ಟು ಟಿಶ್ಯೂನಿಂದ ಒರೆಸಿ. ಹಿಟ್ಟಿನ ಕವರ್ ಆದರೆ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ಹೊರತೆಗೆದು ಬೆವರಿದ ಮೇಲೆ ಒದ್ದೆ ಕೈಯಲ್ಲಿ ಉಜ್ಜಿ. ಹಿಟ್ಟು ಹುದುಗಿ ಕವರ್ ಉಬ್ಬಿದಾಗ ಅಕ್ಷರ ಬಿರುಕು ಬಿಡುತ್ತದೆಯೇ ಎಂದೂ ನೋಡಿ. ಓದಲು ತಡವರಿಸಿದರೆ ಫೇಲ್ ಎಂದೇ ಲೆಕ್ಕ.

ಕೆಟ್ಟಾಗ ಎಲ್ಲಿ ನೋಡಬೇಕು

ಅಚ್ಚಿನಲ್ಲಿ ಯಾವಾಗಲೂ ಒಂದೇ ಜಾಗದಲ್ಲಿ, ಫಿಲಂ ಓಡುವ ದಿಕ್ಕಿಗೆ ಬಿಳಿ ಗೆರೆ ಬಂದರೆ ಹೆಡ್ ಮೇಲೆ ಕೊಳೆ ಇದೆ. ಒರೆಸಿದರೂ ಉಳಿದರೆ ಆ ಚುಕ್ಕೆ ಸುಟ್ಟಿದೆ, ರಿಬ್ಬನ್ ಬದಲಿಸಿ ಉಪಯೋಗವಿಲ್ಲ. ಓರೆಯಾದ, ಜಾಗ ಬದಲಿಸುವ ಗೆರೆಗಳಾದರೆ ರಿಬ್ಬನ್ ಸುಕ್ಕಾಗುತ್ತಿದೆ: ಬಿಗಿತ, ಒತ್ತಡ, ಅತಿ ಬಿಸಿ ಈ ಕ್ರಮದಲ್ಲಿ ನೋಡಿ. ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಮಸುಕಾಗಿದ್ದರೆ ಹೆಡ್ ಮತ್ತು ಅದು ಒತ್ತುವ ಎದುರಿನ ರಬ್ಬರ್ ಸಮಾನಾಂತರವಿಲ್ಲ ಅಥವಾ ರಬ್ಬರ್ ಹಳ್ಳ ಬಿದ್ದಿದೆ. ಅಕ್ಷರದ ಹಿಂದೆ ಬಾಲದಂತೆ ಮಸಿ ಎಳೆದರೆ ಡಾರ್ಕ್‌ನೆಸ್ ಇಳಿಸಿ. ರಿಬ್ಬನ್ ಪದೇ ಪದೇ ತುಂಡಾದರೆ ಬಳಸಿದ ರಿಬ್ಬನ್ನನ್ನು ಬೆಳಕಿಗೆ ಹಿಡಿಯಿರಿ. ಅಕ್ಷರವಿದ್ದ ಕಡೆ ತೂತು ಕಂಡರೆ ಅದು ಬಿಸಿಗೆ ಸುಟ್ಟಿದೆ, ತೂತಿಲ್ಲದಿದ್ದರೆ ಬಿಗಿತ ಹೆಚ್ಚಾಗಿದೆ ಅಥವಾ ರೋಲರ್‌ಗೆ ಅಂಟು ಮೆತ್ತಿದೆ.

ಅಚ್ಚು ಚೆನ್ನಾಗಿ ಬಿದ್ದು, ಟೇಪ್‌ಗೆ ಮಾತ್ರ ಪೂರ್ತಿ ಕಿತ್ತು ಬಂದರೆ ಪ್ರಿಂಟರ್ ಮುಟ್ಟಬೇಡಿ, ಡೈನ್ ಪೆನ್ ತೆಗೆಯಿರಿ.

ರೋಲ್‌ಗಳನ್ನು ತಗಡಿನ ಶೀಟಿನ ಕೆಳಗಿನ ಅಟ್ಟದಲ್ಲಿ ಇಡಬೇಡಿ, ಏಪ್ರಿಲ್ ಬಿಸಿಲಿಗೆ ಅಲ್ಲಿ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ನೆರಳಿನ ಕಪಾಟಿನಲ್ಲಿ, ಪ್ಲಾಸ್ಟಿಕ್ ಚೀಲ ಬಿಚ್ಚದೆ ಇಡಿ. ರೋಲ್ ಬದಲಿಸಿದಾಗಲೆಲ್ಲ ಅದರ ಲಾಟ್ ಚೀಟಿಯನ್ನೂ, ಆ ಹೊತ್ತಿನ ಫಿಲಂ ರೋಲ್ ನಂಬರನ್ನೂ, ಒಂದು ಖಾಲಿ ಪ್ಯಾಕೆಟನ್ನೂ ರಿಜಿಸ್ಟರ್‌ನಲ್ಲಿ ಅಂಟಿಸಿ. ಅಂಗಡಿಯಿಂದ ಅಳಿಸಿದ ಪ್ಯಾಕೆಟ್ ವಾಪಸ್ ಬಂದ ದಿನ ರಿಬ್ಬನ್‌ನವರೂ ಫಿಲಂನವರೂ ಒಬ್ಬರ ಮೇಲೊಬ್ಬರು ಹೇಳುವಾಗ, ಯಾವ ಲಾಟ್‌ನಿಂದ ಶುರುವಾಯಿತೆಂದು ಆ ಪುಟ ತೆರೆದು ತೋರಿಸಬಹುದು.