ಎಂಬತ್ತು ಲಕ್ಷ ಸಾಲುಗಳಲ್ಲಿ ನನ್ನದೊಂದು ಸೈಕಲ್ಲು

2022ರ ಆಗಸ್ಟಿನಲ್ಲಿ ನನ್ನ ಸೈಕಲ್ ಕಳುವಾಯಿತು. ನಾನಿದ್ದದ್ದು ಶಿಕಾಗೊದ ಉತ್ತರ ತುದಿಯ ರೋಜರ್ಸ್ ಪಾರ್ಕಿನಲ್ಲಿ. ರಾತ್ರಿ ಮನೆ ಮುಂದಿನ ಫುಟ್‌ಪಾತಿನ ಕಂಬಕ್ಕೆ ಬೀಗ ಹಾಕಿ ನಿಲ್ಲಿಸಿದ್ದೆ. ಬೆಳಗ್ಗೆ ಬಂದು ನೋಡಿದರೆ ಕತ್ತರಿಸಿದ ಕೇಬಲ್ ಮಾತ್ರ ಬಿದ್ದಿತ್ತು. ಸೆಕೆಂಡ್ ಹ್ಯಾಂಡ್ ಸೈಕಲ್, 350 ಡಾಲರ್ ಕೊಟ್ಟಿದ್ದೆ. ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿದೆ. ಇಂಥ ಸಣ್ಣ ಕಳವಿಗೆ ಪೊಲೀಸರು ಮನೆಗೆ ಬರುವುದಿಲ್ಲ, ಫೋನಿನಲ್ಲೇ ಬರೆದುಕೊಳ್ಳುತ್ತಾರೆ. ಜೆಎಫ್ ಅಂತ ಶುರುವಾಗುವ ಒಂದು ಕೇಸ್ ನಂಬರ್ ಸಿಕ್ಕಿತು.

ಅದೇ ರಾತ್ರಿ ಎದುರು ಮನೆಯವನ ಸೈಕಲ್ಲೂ ಹೋಗಿತ್ತು. ಅವನು ಫೋನ್ ಮಾಡಲಿಲ್ಲ. ಮಾಡಿದರೆ ಸಿಕ್ಕುತ್ತಾ ಅಂತ ನನ್ನನ್ನೇ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶಿಕಾಗೊ ನಗರ 2001ರಿಂದ ಈಚಿನ ಅಪರಾಧಗಳ ಪಟ್ಟಿಯನ್ನು, ಒಂದೊಂದಕ್ಕೆ ಒಂದೊಂದು ಸಾಲಿನಂತೆ, ಸಾರ್ವಜನಿಕವಾಗಿ ಇಟ್ಟಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕೊನೆಯ ಏಳು ದಿನ ಬಿಟ್ಟು ಉಳಿದದ್ದೆಲ್ಲ ಅದರಲ್ಲಿರುತ್ತದೆ. ಹತ್ತು ದಿನ ಬಿಟ್ಟು ನನ್ನ ಕೇಸ್ ನಂಬರ್ ಹುಡುಕಿದೆ. ಸಿಕ್ಕಿತು! ಅಪರಾಧ: ಥೆಫ್ಟ್. ವಿವರ: 500 ಡಾಲರ್ ಮತ್ತು ಅದಕ್ಕಿಂತ ಕಡಿಮೆ. ಸ್ಥಳ: ಸೈಡ್‌ವಾಕ್. ಬಂಧನ: ಫಾಲ್ಸ್, ಅಂದರೆ ಯಾರನ್ನೂ ಹಿಡಿದಿಲ್ಲ. ಮನೆ ನಂಬರಿನ ಕೊನೆಯ ಎರಡು ಅಂಕಿಯ ಜಾಗದಲ್ಲಿ ಎಕ್ಸ್ ಎಕ್ಸ್. ಯಾವ ಬ್ಲಾಕ್ ಅಂತ ಮಾತ್ರ ಗೊತ್ತಾಗುತ್ತದೆ. ಎದುರು ಮನೆಯವನ ಸೈಕಲ್ಲಿಗೆ ಸಾಲೇ ಇಲ್ಲ. ಈ ಲೆಕ್ಕದಲ್ಲಿ ಅದು ಕಳುವಾಗಿಯೇ ಇಲ್ಲ, ಅಲ್ವಾ?

ಇದನ್ನು ನಾನು ಆಗಲೇ ಸರಿಯಾಗಿ ತಲೆಗೆ ಹಾಕಿಕೊಂಡಿದ್ದರೆ ಮುಂದಿನ ಎರಡು ವಾರ ಉಳಿಯುತ್ತಿತ್ತು.

ಮುಂದಿನ ವರ್ಷ ನನ್ನ ಚಿಕ್ಕಪ್ಪನ ಮಗಳಿಗೆ ಇಲ್ಲಿನ ಲೊಯೋಲಾ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. "ಅಣ್ಣಾ, ಯಾವ ಏರಿಯಾ ಸೇಫು? ಅಪ್ಪ ಟೀವಿ ನೋಡಿ ಹೆದರಿ ಕೂತಿದ್ದಾರೆ" ಅಂತ ವಾಟ್ಸಾಪ್ ಮಾಡಿದಳು. ನನ್ನ ಕೆಲಸವೇ ಡೇಟಾ. ಎರಡು ದಿನ ಕೊಡು, ಮ್ಯಾಪ್ ಮಾಡಿ ಕಳಿಸ್ತೀನಿ ಅಂದೆ.

ಮೊದಲ ಸಂಜೆ ಎಪಿಐ, ಅಂದರೆ ಪ್ರೋಗ್ರಾಂ ಒಂದು ನೇರವಾಗಿ ಡೇಟಾ ಕೇಳುವ ದಾರಿಯ, ಮೂಲಕ ಕೇಳಿದಾಗ ಸರಿಯಾಗಿ 1000 ಸಾಲು ಬಂತು. ಇಷ್ಟು ಗುಂಡಾಗಿ ಬಂದರೆ ಅನುಮಾನ ಪಡಬೇಕು. ಮಿತಿ ಹೇಳದಿದ್ದರೆ ಅದು ಸಾವಿರಕ್ಕೇ ನಿಲ್ಲಿಸುತ್ತದೆ. ಇಡೀ ಫೈಲ್ ಇಳಿಸಿ ಎಕ್ಸೆಲ್‌ನಲ್ಲಿ ತೆರೆದೆ. ಎಕ್ಸೆಲ್ ಹಿಡಿಸುವುದು 10,48,576 ಸಾಲು. ಇವತ್ತಿಗೆ ಈ ಪಟ್ಟಿ 80 ಲಕ್ಷ ದಾಟಿದೆ. ಕೊನೆಗೆ ಪೈಥಾನ್ ಪ್ರೋಗ್ರಾಮಿಂಗ್‌ಗೆ ಬಂದೆ.

ಮ್ಯಾಪ್ ಮೇಲೆ ಚುಕ್ಕಿ ಹಾಕಿದರೆ ಶಿಕಾಗೊದಿಂದ ಸುಮಾರು 680 ಕಿಲೋಮೀಟರ್ ದೂರ, ಮಿಸ್ಸೌರಿ ರಾಜ್ಯದ ದಕ್ಷಿಣ ಅಂಚಿನಲ್ಲಿ ಒಂದೇ ಜಾಗದಲ್ಲಿ ಒಂದು ಗುಡ್ಡೆ! ಅಕ್ಷಾಂಶ 36.619, ರೇಖಾಂಶ ಮೈನಸ್ 91.686. ಶಿಕಾಗೊ ಪೊಲೀಸರಿಗೆ ಅಲ್ಲೇನು ಕೆಲಸ? ಅರ್ಧ ದಿನ ತಲೆ ಕೆರೆದುಕೊಂಡೆ. ಆಮೇಲೆ ಪಕ್ಕದ ಕಾಲಂ ನೋಡಿದೆ: ಎಕ್ಸ್ ಸೊನ್ನೆ, ವೈ ಸೊನ್ನೆ. ಇಲಿನಾಯ್‌ನ ಸರ್ವೆ ಅಳತೆಯ ಸೊನ್ನೆ ಗುರುತು ಬೀಳುವುದು ಆ ಹಳ್ಳಿಗಾಡಿನಲ್ಲಿ. ಜಾಗ ಗೊತ್ತಿಲ್ಲದ್ದಕ್ಕೆ ಸೊನ್ನೆ ಹಾಕಿದ್ದಾರೆ, ಅದು ಮಿಸ್ಸೌರಿಯಲ್ಲಿ ಹೋಗಿ ಕೂತಿದೆ. ತೆಗೆದುಹಾಕಿದೆ.

ಜನವರಿ 1ರಂದು ಅಪರಾಧ ಯಾಕೆ ಅಷ್ಟು ಜಾಸ್ತಿ ಅನ್ನುವುದೂ ಇದೇ ಥರದ ಕಥೆ. ಯಾವತ್ತು ನಡೆಯಿತು ಅಂತ ಖಚಿತವಿಲ್ಲದ ವಂಚನೆ ಕೇಸುಗಳಿಗೆ ತಿಂಗಳ ಮೊದಲ ದಿನವನ್ನೋ ವರ್ಷದ ಮೊದಲ ದಿನವನ್ನೋ ಬರೆದುಬಿಡುತ್ತಾರೆ. ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಎಷ್ಟೊಂದು ಕಳ್ಳತನ!

ಇಷ್ಟು ತೊಳೆದ ಮೇಲೆ ನಗರದ 77 ಕಮ್ಯುನಿಟಿ ಏರಿಯಾಗಳಿಗೆ ಬಣ್ಣ ಹಚ್ಚಿದೆ. ಸಾವಿರ ಜನಕ್ಕೆ ಎಷ್ಟು ಅಪರಾಧ ಅಂತ ಲೆಕ್ಕ. ಕಡುಗೆಂಪಾಗಿ ಹೊಳೆದವುಗಳಲ್ಲಿ ಡೌನ್‌ಟೌನ್ ಲೂಪ್ ಒಂದು. ಅಲ್ಲಿ ಮಲಗುವವರು ಕಡಿಮೆ, ಹಗಲು ಓಡಾಡುವವರು ಲಕ್ಷಾಂತರ. ಭಾಗಿಸಿದ್ದೇ ತಪ್ಪು ಸಂಖ್ಯೆಯಿಂದ. ಬ್ಲಾಕ್ ಲೆಕ್ಕ ಹಾಕಿದರೆ ಮೇಲೆ ಬಂದದ್ದು ಓಹೇರ್ ಏರ್‌ಪೋರ್ಟು, ಸ್ಟೇಟ್ ಸ್ಟ್ರೀಟಿನ ಅಂಗಡಿಗಳು, ದಕ್ಷಿಣದಲ್ಲಿ ಫೋರ್ಡ್ ಸಿಟಿ ಮಾಲ್. ಸೆಕ್ಯುರಿಟಿ ಇಟ್ಟುಕೊಂಡು ಪ್ರತಿ ಕಳವಿಗೂ ದೂರು ಕೊಡುವ ಅಂಗಡಿ ಇದ್ದಲ್ಲಿ ಚುಕ್ಕಿಯೂ ಜಾಸ್ತಿ.

ಗೊತ್ತಿದ್ದೂ ಆ ಹಸಿ ಮ್ಯಾಪನ್ನು ತಂಗಿಗೆ ಕಳಿಸಿದೆ. ಅದು ನನ್ನ ತಪ್ಪು. ಅವಳು ಐದೇ ನಿಮಿಷದಲ್ಲಿ ಉತ್ತರ ಕೊಟ್ಟಳು: "ಅಣ್ಣಾ, ಉತ್ತರಕ್ಕೆ ರೋಜರ್ಸ್ ಪಾರ್ಕ್ ದಾಟಿದ ಮೇಲೆ ಒಂದು ಚುಕ್ಕಿನೂ ಇಲ್ವಲ್ಲ! ಅಲ್ಲೇ ಮನೆ ಮಾಡ್ತೀನಿ." ರೋಜರ್ಸ್ ಪಾರ್ಕಿನ ಉತ್ತರಕ್ಕೆ ಇವಾನ್‌ಸ್ಟನ್. ಬೇರೆ ಊರು, ಬೇರೆ ಪೊಲೀಸು, ಬೇರೆ ಫೈಲು. ನಗರದೊಳಗಿನ ಹೆದ್ದಾರಿಗಳಲ್ಲಿ ನಡೆಯುವ ಗುಂಡಿನ ದಾಳಿಗಳೂ ಇಲ್ಲಿ ಸೇರುವುದಿಲ್ಲ. ಅವನ್ನು ನೋಡಿಕೊಳ್ಳುವುದು ರಾಜ್ಯ ಪೊಲೀಸರು. ಖಾಲಿ ಬಿಟ್ಟ ಜಾಗವನ್ನು ಜನ ಸೇಫ್ ಅಂತಲೇ ಓದುತ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಒಂದೊಂದೇ ಅಪರಾಧವನ್ನು ಬೇರೆ ಮಾಡಿ ನೋಡಲು ಕೂತೆ. ಬ್ಯಾಟರಿ, ಅಂದರೆ ಹೊಡೆತದ ಕೇಸು, ಬಹಳ ಇದ್ದವು. ಡೊಮೆಸ್ಟಿಕ್ ಅನ್ನುವ ಕಾಲಂ ಸೇರಿಸಿ ನೋಡಿದರೆ ಅದರಲ್ಲಿ ಎಷ್ಟೋ ಮನೆಯೊಳಗಿನವು. ಗಂಡ, ಬಾಯ್‌ಫ್ರೆಂಡ್, ಅಣ್ಣ ತಮ್ಮ. ನಾನು ಅದನ್ನೂ ರಾತ್ರಿ ಬೀದಿಯಲ್ಲಿ ಒಂಟಿಯಾಗಿ ನಡೆಯುವ ಹುಡುಗಿಯ ಭಯಕ್ಕೆ ಕೂಡಿಸಿ ಕೆಂಪು ಹಚ್ಚಿದ್ದೆ.

ನನ್ನ ತಲೆ ಕೆಡಿಸಿದ್ದು ನಾರ್ಕೋಟಿಕ್ಸ್. 2001ರಲ್ಲಿ ಸುಮಾರು 50 ಸಾವಿರ ಸಾಲು, 2021ರಲ್ಲಿ 10 ಸಾವಿರವೂ ಇಲ್ಲ. ಊರು ಮಾದಕ ವಸ್ತು ಬಿಟ್ಟುಬಿಟ್ಟಿತಾ? ಬಂಧನದ ಕಾಲಂ ನೋಡಿ. ಈ ಸಾಲುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಟ್ರೂ. ನನ್ನ ಸೈಕಲ್ ಥರದ ಕಳವುಗಳಲ್ಲಿ ಹತ್ತರಲ್ಲಿ ಒಂಬತ್ತು ಫಾಲ್ಸ್. ಜೇಬಿನಲ್ಲಿ ಗಾಂಜಾ ಇಟ್ಟುಕೊಂಡವನು ತನ್ನ ಮೇಲೆ ತಾನೇ ದೂರು ಕೊಡುವುದಿಲ್ಲ. ಪೊಲೀಸ್ ತಡೆದು, ಜೇಬು ನೋಡಿ, ಹಿಡಿದಾಗ ಮಾತ್ರ ಸಾಲು ಹುಟ್ಟುತ್ತದೆ. ಹಾಗಾಗಿ ಈ ಚುಕ್ಕಿಗಳು ತೋರಿಸುವುದು ಪೊಲೀಸ್ ಯಾವ ಬೀದಿಯಲ್ಲಿ ನಿಂತಿದ್ದ ಅನ್ನುವುದನ್ನು. 2020ರ ಜನವರಿ 1ರಿಂದ ಇಲಿನಾಯ್‌ನಲ್ಲಿ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ಆ ಸಾಲುಗಳಿಗೆ ಕಾರಣವೇ ಹೋಯಿತು.

ತಡೆದು ಏನೂ ಸಿಗದಿದ್ದರೆ? ಆಗ ಈ ಫೈಲಿನಲ್ಲಿ ಏನೂ ಇರುವುದಿಲ್ಲ. 2014ರ ಮೇನಿಂದ ಆಗಸ್ಟ್‌ವರೆಗಿನ ನಾಲ್ಕು ತಿಂಗಳಲ್ಲಿ, ಬಂಧಿಸದೆ ಬಿಟ್ಟ ಹೀಗಿನ ತಡೆಗಳೇ ಎರಡೂವರೆ ಲಕ್ಷ ದಾಟಿದ್ದವು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಅದನ್ನು ಎಣಿಸಿ ಹೊರಗೆ ಹಾಕಿತು. 2016ರಿಂದ ಪ್ರತಿ ತಡೆಗೂ ವಿವರವಾದ ಫಾರಂ ತುಂಬಬೇಕಾಯಿತು, ತಡೆಗಳು ಧಡಕ್ಕನೆ ಇಳಿದವು.

ನಗರದವರೇ ಇದೇ ಹಳ್ಳಕ್ಕೆ ಬಿದ್ದಿದ್ದಾರೆ ಅಂತ ಆಮೇಲೆ ತಿಳಿಯಿತು. ಯಾರು ಗುಂಡಿನ ದಾಳಿಯಲ್ಲಿ ಸಿಕ್ಕಿಕೊಳ್ಳಬಹುದು ಅಂತ ಊಹಿಸಲು ಪೊಲೀಸರು 'ಸ್ಟ್ರಾಟೆಜಿಕ್ ಸಬ್ಜೆಕ್ಟ್ ಲಿಸ್ಟ್' ಅಂತ ಮಾಡಿದ್ದರು. ಸುಮಾರು 4 ಲಕ್ಷ ಜನಕ್ಕೆ 0ಯಿಂದ 500ರವರೆಗೆ ಅಂಕ. ಹೆಸರು ತೆಗೆದ ಪ್ರತಿಯೊಂದು ಸಾರ್ವಜನಿಕವಾಗಿಯೂ ಸಿಗುತ್ತಿತ್ತು. ಒಮ್ಮೆ ಬಂಧನವಾದವನಿಗೆ, ಮುಂದೆ ಶಿಕ್ಷೆಯಾಗದಿದ್ದರೂ, ಅಂಕ ಬೀಳುತ್ತಿತ್ತು. ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ತನ್ನ ವರದಿಯಲ್ಲಿ ಇದನ್ನೆಲ್ಲ ಎತ್ತಿ ತೋರಿಸಿತು. ಆ ಹೊತ್ತಿಗೆ ಪೊಲೀಸರು ಪಟ್ಟಿಯನ್ನು ಕೈಬಿಟ್ಟಿದ್ದರು.

ತಂಗಿಗೆ ಕೊನೆಗೆ ನಾನು ಇನ್ನೊಂದು ಮ್ಯಾಪ್ ಕಳಿಸಲಿಲ್ಲ. ಅವಳು ನೋಡಿಟ್ಟಿದ್ದ ಮೂರು ಮನೆಗಳಿಂದ ರೆಡ್ ಲೈನ್ ರೈಲು ಸ್ಟೇಷನ್ನಿನವರೆಗಿನ ದಾರಿ ಮಾತ್ರ ತೆಗೆದುಕೊಂಡೆ. ಸಂಜೆ ಆರರಿಂದ ರಾತ್ರಿ ಹನ್ನೆರಡು, ಕಳೆದ ಮೂರು ವರ್ಷ, ಬೀದಿಯಲ್ಲೋ ಸೈಡ್‌ವಾಕಿನಲ್ಲೋ ನಡೆದ ದರೋಡೆ ಮತ್ತು ಹಲ್ಲೆ, ಡೊಮೆಸ್ಟಿಕ್ ಬಿಟ್ಟು. ಮೂರು ಮನೆಗೂ ಹೆಚ್ಚು ವ್ಯತ್ಯಾಸವೇ ಬರಲಿಲ್ಲ. ಫೈಲ್ ಇಳಿಸಿದ ದಿನಾಂಕವನ್ನೂ ಕೆಳಗೆ ಬರೆದೆ. ಹಳೆಯ ಸಾಲುಗಳೂ ಆಮೇಲೆ ಬದಲಾಗುತ್ತವೆ. ಹೊಡೆತ ತಿಂದವರು ಆಸ್ಪತ್ರೆಯಲ್ಲಿ ತೀರಿಕೊಂಡರೆ ಆ ಸಾಲು ಕೊಲೆಯಾಗುತ್ತದೆ.

ಅವಳು ಬಂದ ವಾರ ಒಂದು ಶುಕ್ರವಾರ ರಾತ್ರಿ ಹತ್ತಕ್ಕೆ ಇಬ್ಬರೂ ಮೂರೂ ದಾರಿ ನಡೆದು ನೋಡಿದೆವು. ಒಂದರಲ್ಲಿ ಎರಡು ಬೀದಿದೀಪ ಕೆಟ್ಟಿದ್ದವು. ಇನ್ನೊಂದರಲ್ಲಿ ಮೂಲೆಯ ಟಾಕೊ ಅಂಗಡಿ ಇನ್ನೂ ತೆರೆದಿತ್ತು, ಜನ ಇದ್ದರು. ಅವಳು ಆ ದಾರಿಯ ಮನೆಯನ್ನೇ ಹಿಡಿದಳು. ಚಿಕ್ಕಪ್ಪನಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ತೋರಿಸಿದಳು.

ನನ್ನ ಸಾಲನ್ನು ಈಗಲೂ ಆಗಾಗ ತೆಗೆದು ನೋಡುತ್ತೇನೆ. ಬಂಧನದ ಕಾಲಂ ಇನ್ನೂ ಫಾಲ್ಸ್. ಎದುರು ಮನೆಯವನು ಹೊಸ ಸೈಕಲ್ಲನ್ನು ಮೂರನೇ ಮಹಡಿಗೆ ಹೊತ್ತುಕೊಂಡು ಹೋಗಿ ಅಡುಗೆಮನೆಯಲ್ಲಿ ನಿಲ್ಲಿಸುತ್ತಾನೆ.