ಅಕಿಲೀಸ್ ಕಥೆ ಓದಬೇಕಾ? ಹಿಮ್ಮಡಿಯಿಂದ ಶುರು ಮಾಡಬೇಡಿ

ಗ್ರೀಕ್ ಪುರಾಣದ ವೀರ ಅಕಿಲೀಸ್ ಅಂದ ಕೂಡಲೇ ಎಲ್ಲರೂ ಹೇಳುವುದು ಹಿಮ್ಮಡಿ ಕಥೆಯನ್ನೇ. ಮೈಗೆ ಆಯುಧ ನಾಟದಿರಲಿ ಅಂತ ತಾಯಿ ಥೆಟಿಸ್ ಮಗುವನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ಅವಳು ಹಿಡಿದಿದ್ದ ಜಾಗಕ್ಕೆ ಮಾತ್ರ ನೀರು ತಾಗಲಿಲ್ಲ, ಕೊನೆಗೆ ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಬಿಟ್ಟ ಬಾಣ ಅಲ್ಲಿಗೇ ಬಂದು ನಾಟಿತು. ಚೆನ್ನಾಗಿದೆ, ಆದರೆ ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಯುದ್ಧದ ಮಹಾಕಾವ್ಯ, ಹೋಮರನ ಇಲಿಯಡ್‌ನಲ್ಲಿ ಇದು ಇಲ್ಲವೇ ಇಲ್ಲ. ಸ್ಟಿಕ್ಸ್ ನದಿಯ ಕಥೆ ನಮಗೆ ಸಿಗುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಇಲಿಯಡ್‌ನ ಅಕಿಲೀಸ್‌ಗೆ ಈಟಿ ಮುಂಗೈ ಸವರಿದರೂ ರಕ್ತ ಬರುತ್ತದೆ. ಗ್ರೀಕರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆಗೂ ಅಲ್ಲಿ ಕಾಯಬೇಡಿ, ಅಕಿಲೀಸ್ ಸಾಯುವ ದೃಶ್ಯವೂ ಅದರಲ್ಲಿಲ್ಲ. 10 ವರ್ಷದ ಯುದ್ಧದಲ್ಲಿ ಕವಿ ಎತ್ತಿಕೊಂಡಿರುವುದು ಕೊನೆಯ ವರ್ಷದ ಕೆಲವು ವಾರಗಳನ್ನು ಮಾತ್ರ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಒಟ್ಟು 24 ಅಧ್ಯಾಯ ಇವೆ, ಹಟ ಹಿಡಿದು ಎಲ್ಲ ಓದುತ್ತೇನೆ ಅಂತ ಕೂತವರು ಜಾಸ್ತಿ ಜನ ಎರಡನೆಯದರಲ್ಲೇ ಕೈಬಿಡುತ್ತಾರೆ, ಯಾಕೆಂದರೆ ಅಲ್ಲಿ ಯಾವ ಊರಿಂದ ಎಷ್ಟು ಹಡಗು ಬಂತು ಅನ್ನುವ ಪಟ್ಟಿ ಮುಗಿಯುವುದೇ ಇಲ್ಲ. ಅದನ್ನು ಸುಮ್ನೆ ಹಾರಿಸಿ. ಮೊದಲ ಸಲಕ್ಕೆ 1, 9, 16, 18, 22, 24 ಸಾಕು. ಹೆಸರುಗಳಿಗೆ ಹೆದರಬೇಡಿ. ಅಕಿಯನ್ನರು, ಆರ್ಗೈವರು, ದಾನಾಯನ್ನರು ಎಲ್ಲರೂ ಒಂದೇ ಗ್ರೀಕ್ ಸೈನ್ಯ. ಅರ್ಜುನನನ್ನು ಕೌಂತೇಯ ಅಂದಹಾಗೆ ಅಕಿಲೀಸ್‌ನನ್ನು ಪೀಲಿಯಸ್‌ನ ಮಗ ಅನ್ನುತ್ತಾರೆ, ಅಷ್ಟೇ.

ಓದುವಾಗ ಅವನ ಸಿಟ್ಟನ್ನು ಹಿಂಬಾಲಿಸಿ, ಪರಾಕ್ರಮವನ್ನಲ್ಲ. ಒಂದನೆಯದರಲ್ಲಿ ಗ್ರೀಕರ ದಂಡನಾಯಕ ಅಗಮೆಮ್ನಾನ್ ಇವನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೀಯಿಸ್‌ಳನ್ನು ಕಿತ್ತುಕೊಳ್ಳುತ್ತಾನೆ, ಇವನು ಯುದ್ಧವೇ ಬೇಡ ಅಂತ ಡೇರೆ ಸೇರುತ್ತಾನೆ. (ಅವಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ, ಗಮನಿಸಿ.) ಒಂಬತ್ತನೆಯದರಲ್ಲಿ ಗ್ರೀಕರ ಕಡೆಯ ಒಡಿಸ್ಯೂಸ್, ಏಜಾಕ್ಸ್, ಮುದುಕ ಫೀನಿಕ್ಸ್ ಬಂದು ಯುದ್ಧಕ್ಕೆ ಬಾ ಅಂತ ಗೋಗರೆಯುತ್ತಾರೆ. ರಾಶಿ ಕಾಣಿಕೆ ಕೊಡುತ್ತೇವೆ ಅಂದರೂ ಜಗ್ಗುವುದಿಲ್ಲ. ಇಲ್ಲೇ ಉಳಿದು ಹೋರಾಡಿದರೆ ಸಾವು ಖಚಿತ ಆದರೆ ಕೀರ್ತಿ ಅಳಿಯುವುದಿಲ್ಲ, ಊರಿಗೆ ಹೋದರೆ ಕೀರ್ತಿ ಇಲ್ಲ ಆದರೆ ಆಯುಸ್ಸು ಉಂಟು ಅನ್ನುವ ಮಾತು ಬರುವುದು ಇಲ್ಲೇ. ನಿಧಾನವಾಗಿ ಓದಿ. ಹದಿನಾರನೆಯದರಲ್ಲಿ ಜೀವದ ಗೆಳೆಯ ಪ್ಯಾಟ್ರೋಕ್ಲಸ್ ಇವನ ಕವಚ ತೊಟ್ಟು ಹೋಗಿ ಟ್ರಾಯ್‌ನ ವೀರ ಹೆಕ್ಟರ್ ಕೈಯಲ್ಲಿ ಸಾಯುತ್ತಾನೆ. ಅಲ್ಲಿಂದ ಸಿಟ್ಟು ಹೆಕ್ಟರ್ ಕಡೆ ತಿರುಗುತ್ತದೆ. ಕೊಂದ ಮೇಲೂ ಆರುವುದಿಲ್ಲ, ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ. ಇಲ್ಲಿ ನಿಮಗೆ ಅವನ ಮೇಲೆ ಬೇಜಾರಾದರೆ ಸರಿಯಾಗಿಯೇ ಓದುತ್ತಿದ್ದೀರಿ.

ಇನ್ನು 24. ಟೈಮ್ ಇಲ್ಲದವರು ಇದೊಂದನ್ನಾದರೂ ಓದಿ. ಟ್ರಾಯ್‌ನ ಮುದಿ ರಾಜ ಪ್ರಿಯಾಮ್ ರಾತ್ರಿ ಶತ್ರುವಿನ ಡೇರೆಗೆ ಬಂದು, ಮಗ ಹೆಕ್ಟರ್‌ನನ್ನು ಕೊಂದ ಕೈಗೇ ಮುತ್ತಿಟ್ಟು, ಹೆಣ ಕೊಡು ಅನ್ನುತ್ತಾನೆ. ನಿನ್ನ ಅಪ್ಪನನ್ನು ನೆನೆಸಿಕೋ ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ಅಪ್ಪನಿಗಾಗಿ, ಗೆಳೆಯನಿಗಾಗಿ. ಆಮೇಲೆ ಅಕಿಲೀಸ್ ಹೆಣ ತೊಳೆಸುತ್ತಾನೆ, ಆದರೆ ಪ್ರಿಯಾಮ್ ಕಣ್ಣಿಗೆ ಬೀಳದಂತೆ. ಮಗನನ್ನು ನೋಡಿ ಮುದುಕ ಸಿಟ್ಟಾದರೆ ತನಗೂ ಸಿಟ್ಟು ಬಂದು ಅವನನ್ನು ಕೊಂದುಬಿಡಬಹುದು ಅನ್ನುವ ಭಯ ಅವನಿಗೆ! ತನ್ನ ಸಿಟ್ಟಿಗೆ ತಾನೇ ಹೆದರುವುದು ಅಂದರೆ ಇದೇ ಅಲ್ವಾ. ಕೊನೆಗೆ ಉತ್ತರಕ್ರಿಯೆಗೆ ಎಷ್ಟು ದಿನ ಬೇಕು ಅಂತ ಕೇಳಿ, ಅಷ್ಟು ದಿನ ಯುದ್ಧ ನಿಲ್ಲಿಸುವುದಾಗಿ ಮಾತು ಕೊಡುತ್ತಾನೆ.

ಇಲಿಯಡ್ ಮುಗಿದ ಮೇಲೆ ಹೋಮರನದೇ ಇನ್ನೊಂದು ಕಾವ್ಯ ಒಡಿಸ್ಸಿಯ 11ನೇ ಅಧ್ಯಾಯಕ್ಕೆ ಹೋಗಿ. ಅಲ್ಲಿ ಸತ್ತವರ ಲೋಕದಲ್ಲಿ ಒಡಿಸ್ಯೂಸ್‌ಗೆ ಅಕಿಲೀಸ್ ಸಿಗುತ್ತಾನೆ. ಸತ್ತವರಿಗೆಲ್ಲ ರಾಜನಾಗುವುದಕ್ಕಿಂತ ಬದುಕಿ ಬಡವನೊಬ್ಬನ ಹೊಲದಲ್ಲಿ ಕೂಲಿ ಮಾಡುವುದೇ ವಾಸಿ ಅನ್ನುತ್ತಾನೆ. ಒಂಬತ್ತನೆಯದರ ಆ ಮಾತಿನ ಪಕ್ಕ ಇದನ್ನಿಟ್ಟು ನೋಡಿ. ಆದರೂ ಕ್ರಿ.ಪೂ. 334ರಲ್ಲಿ ಪರ್ಷಿಯಾ ಮೇಲೆ ದಂಡೆತ್ತಿ ಹೊರಟ ಅಲೆಕ್ಸಾಂಡರ್ ದಾರಿಯಲ್ಲಿ ಟ್ರಾಯ್‌ಗೆ ಹೋಗಿ ಇವನ ಸಮಾಧಿಗೆ ಗೌರವ ಸಲ್ಲಿಸಿದ, ಆ ಮಾತು ಅವನ ಕಿವಿಗೆ ಬೀಳಲಿಲ್ಲ ಅಂತ ಕಾಣುತ್ತದೆ.

ಕನ್ನಡದಲ್ಲೂ ಒಂದು ಕೊಂಡಿ ಇದೆ. ಅಕಿಲೀಸ್ ಸತ್ತ ಮೇಲೆ ಅವನ ಆಯುಧ ತನಗೆ ಸಿಗದೆ ಒಡಿಸ್ಯೂಸ್‌ಗೆ ಹೋಯಿತು ಅಂತ ಏಜಾಕ್ಸ್ ಹುಚ್ಚನಾಗುತ್ತಾನೆ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಅದನ್ನು ನಾಟಕ ಮಾಡಿದ, ಅದನ್ನೇ ಬಿ.ಎಂ.ಶ್ರೀ ಮಹಾಭಾರತಕ್ಕೆ ಹೊಂದಿಸಿ 'ಅಶ್ವತ್ಥಾಮನ್' ಬರೆದರು. ಲೈಬ್ರರಿಯಲ್ಲಿ ಕಂಡರೆ ಅದನ್ನೂ ಎತ್ತಿಕೊಂಡು ಬನ್ನಿ, ಆದರೆ ಇಲಿಯಡ್ ಆದ ಮೇಲೆ ಓದಿ.